ಹಿಂದಿನ ರಾತ್ರಿಯ ಬಾಡಿಗೆ

ಬೆಳಿಗ್ಗೆ ಆರಕ್ಕೆ ಬೆಂಗಳೂರಿನಿಂದ ವಿಮಾನ, ಎಂಟಕ್ಕೆ ಮುಂಬೈ, ಮಧ್ಯಾಹ್ನ ಬಂದರು, ಸಂಜೆ ಹಡಗು. ಇಷ್ಟನ್ನು ಮೊಬೈಲಿನಲ್ಲಿ ಟೈಪ್ ಮಾಡಿ ಅದಕ್ಕೆ ‘ಪ್ಲಾನ್’ ಎಂದು ಹೆಸರಿಡುವವರ ಮೇಲೆ ನನಗೆ ಬಹಳ ದಿನದಿಂದ ಸಿಟ್ಟಿದೆ. ಮುಂಬೈಯಲ್ಲಿ ಒಂಬತ್ತು ವರ್ಷ ಇದ್ದೆ ಎಂಬ ಒಂದೇ ಕಾರಣಕ್ಕೆ ಕ್ರೂಸ್ ಬುಕ್ ಮಾಡಿದವರೆಲ್ಲ ನನ್ನನ್ನು ಕೇಳುತ್ತಾರೆ. ನಾನು ‘ಹಿಂದಿನ ದಿನವೇ ಹೋಗಿ, ಒಂದು ರಾತ್ರಿ ಅಲ್ಲೇ ಉಳಿಯಿರಿ’ ಎನ್ನುತ್ತೇನೆ. ಆಗ ಬರುವ ಉತ್ತರವೂ ಒಂದೇ: ‘ಸುಮ್ಮನೆ ಒಂದು ರಾತ್ರಿ ಬಾಡಿಗೆ ದಂಡ ಅಲ್ವಾ?’

ದಂಡ ಎಂಬ ಆ ಮಾತಿನ ಮೇಲೆಯೇ ನನ್ನ ತಕರಾರು.

ಮೊದಲು ವ್ಯವಹಾರದ ಮಾತು ಮುಗಿಸೋಣ. ಹಡಗು ಸಂಜೆ ಹೊರಡುತ್ತದೆ ಎಂದು ಟಿಕೆಟ್ಟಿನಲ್ಲಿರುತ್ತದೆ. ನಮಗೆ ಬೇಕಾದದ್ದು ಆ ಗಂಟೆಯಲ್ಲ, ಗೇಟು ಮುಚ್ಚುವ ಗಂಟೆ. ಅದು ಬಹಳ ಮೊದಲೇ ಬರುತ್ತದೆ. ಬಸ್ಸಿನ ಕಂಡಕ್ಟರ್ ಸೀಟಿ ಊದುವುದನ್ನು ಒಂದು ನಿಮಿಷ ತಡ ಮಾಡಬಹುದು, ನಮ್ಮ ಕಡೆ ಮಾಡುತ್ತಾರೆ ಕೂಡ. ಬಂದರಿನಿಂದ ದೊಡ್ಡ ಹಡಗನ್ನು ಹೊರಗೆ ತರುವುದು ಬಂದರಿನ ಪೈಲಟ್, ಅವರಿಗೆ ಕೊಟ್ಟ ಹೊತ್ತು ಬೇರೆ ಹಡಗುಗಳ ಹೊತ್ತಿಗೆ ಹೆಣೆದುಕೊಂಡಿರುತ್ತದೆ. ತಿಪಟೂರಿನಿಂದ ಬಂದ ದಂಪತಿಗಾಗಿ ಅದನ್ನು ಯಾರೂ ಬಿಚ್ಚಿ ಮತ್ತೆ ಹೆಣೆಯುವುದಿಲ್ಲ.

ಇನ್ನು ವಿಮಾನ. ಮುಂಬೈಯ ಹಳೆಯ ವಿಮಾನ ನಿಲ್ದಾಣದಲ್ಲಿ ಎರಡು ರನ್‌ವೇಗಳಿವೆ, ಆದರೆ ಅವು ಒಂದನ್ನೊಂದು ಅಡ್ಡ ಹಾಯುತ್ತವೆ. ಹಾಗಾಗಿ ಒಮ್ಮೆಗೆ ಒಂದೇ ರನ್‌ವೇ ಕೆಲಸಕ್ಕೆ. ಆ ಒಂದರ ಮೇಲೆ ದಿನಕ್ಕೆ ಒಂಬೈನೂರರ ಆಸುಪಾಸು ವಿಮಾನಗಳು ಏರಿ ಇಳಿಯುವ ಊರಿನಲ್ಲಿ ಬೆಳಿಗ್ಗೆ ಎಂಟಕ್ಕೆ ಇಳಿದೇ ಇಳಿಯುತ್ತೇನೆ ಎನ್ನುವುದು ಧೈರ್ಯವಲ್ಲ, ಹರಕೆ. ಈಗ ನವಿ ಮುಂಬೈಯಲ್ಲಿ ಇನ್ನೊಂದು ನಿಲ್ದಾಣವೂ ಬಂದಿದೆ. ಅಗ್ಗದ ಟಿಕೆಟ್ ಎಂದು ಒತ್ತುವ ಮೊದಲು ಯಾವ ಮುಂಬೈ ಎಂದು ನೋಡಿಕೊಳ್ಳಿ, ನಡುವೆ ಖಾಡಿಯಿದೆ. ವಿಮಾನ ಆರು ಗಂಟೆಗಿಂತ ಹೆಚ್ಚು ತಡವಾದರೆ ಬೇರೆ ವಿಮಾನ ಅಥವಾ ಹಣ ವಾಪಸ್ ಕೇಳುವ ಹಕ್ಕು ನಮಗಿದೆ. ಟಿಕೆಟ್ಟಿನ ಹಣ ಸಿಕ್ಕಬಹುದು, ಹಡಗು ಸಿಕ್ಕುವುದಿಲ್ಲ. ಎರಡೂ ಬೇರೆ ಬೇರೆ ಟಿಕೆಟ್. ಒಬ್ಬರ ತಡ ಇನ್ನೊಬ್ಬರ ಲೆಕ್ಕಕ್ಕೆ ಬರುವುದಿಲ್ಲ.

ಒಂದು ಪ್ರವಾಸ ಸಂಸ್ಥೆಯ ಕಾಗದ ನನ್ನ ಮುಂದಿದೆ. ಚೆನ್ನಾದ ಬಣ್ಣ, ಈಜುಕೊಳದ ಚಿತ್ರ, ಊಟದ ಪಟ್ಟಿ ಒಂದೂವರೆ ಪುಟ. ‘ಮೊದಲ ದಿನ’ ಎಂಬುದು ಹಡಗಿನ ಬಾಗಿಲಲ್ಲಿ ಶುರುವಾಗುತ್ತದೆ. ಬಾಗಿಲವರೆಗೆ ಬರುವುದು ಪ್ರಯಾಣಿಕರ ಜವಾಬ್ದಾರಿ ಎಂಬ ಮಾತು ಕೊನೆಯ ಪುಟದ ಕೆಳಗೆ, ಕನ್ನಡಕ ಹಾಕಿಕೊಂಡರೂ ಕಷ್ಟಪಟ್ಟು ಓದಬೇಕಾದ ಅಕ್ಷರದಲ್ಲಿದೆ. ಊಟದ ಪಟ್ಟಿಯನ್ನು ಸ್ವಲ್ಪ ಕುಗ್ಗಿಸಿದ್ದರೂ ಗೇಟು ಮುಚ್ಚುವ ಹೊತ್ತನ್ನು ದಪ್ಪಕ್ಷರದಲ್ಲಿ ಹಾಕಬಹುದಿತ್ತು.

ನನ್ನ ಸಹೋದ್ಯೋಗಿಯೊಬ್ಬರು ಅಪ್ಪ ಅಮ್ಮನನ್ನು ಹೀಗೇ ಕಳಿಸಿದರು. ಊರು ತಿಪಟೂರಿನ ಹತ್ತಿರ. ರಾತ್ರಿ ಹನ್ನೊಂದಕ್ಕೆ ಮನೆಯಿಂದ ಕಾರು, ಮೂರಕ್ಕೆ ದೇವನಹಳ್ಳಿ, ಆರಕ್ಕೆ ಹೊರಡಬೇಕಾದ ವಿಮಾನ ಹೊರಟಾಗ ಒಂಬತ್ತು. ಹಡಗು ತಪ್ಪಲಿಲ್ಲ, ಗೇಟು ಮುಚ್ಚುವುದಕ್ಕೆ ಇಪ್ಪತ್ತು ನಿಮಿಷ ಇರುವಾಗ ಒಳಗೆ ಹೋದರು. ‘ನೋಡಿ ಸಾರ್, ಆಯ್ತಲ್ಲ!’ ಎಂದು ಮಗ ನನ್ನ ಮುಂದೆ ಗೆದ್ದವನಂತೆ ಹೇಳಿದ. ಆಮೇಲೆ ಅವರಮ್ಮ ಸಿಕ್ಕಾಗ ಹೇಳಿದ್ದು ಬೇರೆ. ‘ಇವರಿಗೆ ಸಕ್ಕರೆ ಕಾಯಿಲೆ ಮೇಷ್ಟ್ರೇ, ಬೆಳಿಗ್ಗೆಯಿಂದ ಹೊತ್ತಿಗೆ ಸರಿಯಾಗಿ ಏನೂ ತಿಂದಿರಲಿಲ್ಲ. ರೂಮಿಗೆ ಹೋಗಿ ಮಲಗಿದವರು ಏಳಲೇ ಇಲ್ಲ. ಹಡಗು ಹೊರಟಿದ್ದನ್ನ ನೋಡಿದ್ದು ನಾನೊಬ್ಬಳೇ.’ ಶುಕ್ರವಾರ ಸಂಜೆ ಹೊರಟು ಭಾನುವಾರ ಬೆಳಿಗ್ಗೆ ಬರುವ ಪ್ರವಾಸ. ಅರವತ್ತೆಂಟು ವರ್ಷಕ್ಕೆ ಮೊದಲ ಸಲ ಸಮುದ್ರಕ್ಕೆ ಹೋದ ಮನುಷ್ಯ, ಇದ್ದ ಎರಡು ಸಂಜೆಗಳಲ್ಲಿ ಒಂದನ್ನು ನಿದ್ದೆಗೆ ಕೊಟ್ಟರು. ಮಗ ಉಳಿಸಿದ್ದು ಒಂದು ರೂಮಿನ ಬಾಡಿಗೆ. ದಂಡ ಯಾವುದು?

ಇದಕ್ಕೆ ಇನ್ನೊಂದು ಜಾಣ ಪರಿಹಾರ ಹೇಳುವವರಿದ್ದಾರೆ: ಹಿಂದಿನ ರಾತ್ರಿ ಹೋಗಿ, ವಿಮಾನ ನಿಲ್ದಾಣದ ಪಕ್ಕ ಅಂಧೇರಿಯಲ್ಲಿ ಉಳಿದುಬಿಡಿ. ಆಗಬಹುದು, ಹಡಗು ತಪ್ಪುವ ಭಯ ಅರ್ಧ ಕಡಿಮೆಯಾಗುತ್ತದೆ. ಆದರೆ ಅಲ್ಲಿಂದ ಕ್ರೂಸ್ ಹಡಗು ನಿಲ್ಲುವ ಬಲ್ಲಾರ್ಡ್ ಪಿಯರ್ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು. ಈಗ ಮೂರನೇ ಮೆಟ್ರೋ ಮಾರ್ಗ ವಿಮಾನ ನಿಲ್ದಾಣದಿಂದ ಸಿಎಸ್‌ಎಂಟಿ ದಾಟಿ ಕಫ್ ಪರೇಡ್‌ವರೆಗೆ ಓಡುತ್ತದೆ, ನಿಜ. ಹಾಗಿದ್ದರೆ ಅದೇ ಮೆಟ್ರೋವನ್ನು ಹಿಂದಿನ ಸಂಜೆಯೇ ಹಿಡಿದು ಫೋರ್ಟಿಗೆ ಬಂದು ಯಾಕೆ ಮಲಗಬಾರದು? ಅಂಧೇರಿಯ ಕಿಟಕಿಯಿಂದ ಕಾಣುವುದು ಇನ್ನೊಂದು ಹೋಟೆಲಿನ ಕಿಟಕಿ.

ಇಲ್ಲಿಂದ ನನ್ನ ಸಿಟ್ಟಿನ ಎರಡನೆಯ ಭಾಗ. ಇದು ಈ ಪುಟಗಳನ್ನು ಓದುವ ಹುಡುಗ ಹುಡುಗಿಯರಿಗೆ ನೇರವಾಗಿ ಹೇಳುತ್ತಿರುವುದು. ಚಿತ್ತಾಲರ ‘ಶಿಕಾರಿ’ ಓದಿದ್ದೇವೆ, ಜಯಂತ ಕಾಯ್ಕಿಣಿಯವರ ಮುಂಬೈ ಕತೆಗಳು ನಮಗೆ ಬಾಯಿಪಾಠ ಎನ್ನುತ್ತೀರಿ. ಕನ್ನಡದ ಅರ್ಧ ಆಧುನಿಕ ಸಾಹಿತ್ಯ ಆ ಊರಿನ ಚಾಳುಗಳಲ್ಲಿ, ಲೋಕಲ್ ರೈಲುಗಳಲ್ಲಿ ಹುಟ್ಟಿತು ಎಂದು ಸೆಮಿನಾರಿನಲ್ಲಿ ಹೇಳುತ್ತೀರಿ. ಅರ್ಧ ಎನ್ನುವುದು ಸ್ವಲ್ಪ ಹೆಚ್ಚಾಯಿತು, ಇರಲಿ. ಅಂಥ ಊರಿಗೆ ಹೋಗುವ ಅವಕಾಶ ಬಂದಾಗ ಅದನ್ನು ಟ್ಯಾಕ್ಸಿಯ ಗಾಜಿನಿಂದ ದಾಟಿ, ಎಲ್ಲಿಯ ಊಟವೆಂದು ಗೊತ್ತಾಗದ ಊಟ ಬಡಿಸುವ ಹಡಗಿಗೆ ಓಡುತ್ತೀರಿ.

ಬಲ್ಲಾರ್ಡ್ ಎಸ್ಟೇಟ್ ಎಂಬ ಬೀದಿಗಳ ಗುಂಪು ನಿಂತಿರುವ ನೆಲವೇ ಹಡಗಿನ ಕತೆ. ಈಗ ಇಂದಿರಾ ಡಾಕ್ ಎನ್ನುವ ಅಲೆಕ್ಸಾಂಡ್ರಾ ಡಾಕ್ ಅಗೆದಾಗ ಬಂದ ಮಣ್ಣು ಕಲ್ಲನ್ನು ಸಮುದ್ರಕ್ಕೆ ತುಂಬಿ ಇಪ್ಪತ್ತೆರಡು ಎಕರೆ ಮಾಡಿದರು. ಅದರ ಮೇಲೆ 1914ರಿಂದ 1918ರ ನಡುವೆ, ಗೇಟ್‌ವೇ ಆಫ್ ಇಂಡಿಯಾ ಕಟ್ಟಿದ ಜಾರ್ಜ್ ವಿಟೆಟ್ ಈ ಕಚೇರಿಗಳ ಬೀದಿಗಳನ್ನು ರೂಪಿಸಿದ. ಪಕ್ಕದಲ್ಲೇ ಬಲ್ಲಾರ್ಡ್ ಪಿಯರ್ ಮೋಲ್ ಎಂಬ ರೈಲು ನಿಲ್ದಾಣವಿತ್ತು. 1928ರಲ್ಲಿ ಆರಂಭವಾದ ಫ್ರಾಂಟಿಯರ್ ಮೇಲ್, ಯುರೋಪಿನ ಹಡಗುಗಳು ಬರುವ ಕಾಲದಲ್ಲಿ ಇಲ್ಲಿಂದಲೇ ಪೇಶಾವರದ ದಾರಿ ಹಿಡಿಯುತ್ತಿತ್ತು. ಹಡಗಿನಿಂದ ಇಳಿದವನು ನಾಲ್ಕು ಹೆಜ್ಜೆ ನಡೆದರೆ ರೈಲು. ಸಾಹೇಬರ ಕಾಲವನ್ನು ಹೊಗಳುವ ಚಪಲ ನನಗಿಲ್ಲ. ಆದರೆ ಹಡಗನ್ನೂ ರೈಲನ್ನೂ ಜೋಡಿಸುವುದು ಅವುಗಳನ್ನು ನಡೆಸುವವರ ಕೆಲಸ ಎಂಬ ತಿಳಿವಳಿಕೆ ಆಗಿತ್ತು. ಇಂದು ಆ ಕೆಲಸವನ್ನು ತಿಪಟೂರಿನ ಮಗನ ಮೊಬೈಲಿಗೆ ಬಿಟ್ಟಿದ್ದಾರೆ.

ಸಾಹೇಬರದು ಹಾಗಾಯಿತು. ನಮ್ಮವರು? ಮಂಗಳೂರು, ಉಡುಪಿ, ಕಾರವಾರದ ಕಡೆಯಿಂದ ಹಡಗಿನಲ್ಲಿ ಬಂದಿಳಿದ ಹುಡುಗರು ಇದೇ ಫೋರ್ಟಿನ ಹೋಟೆಲುಗಳಲ್ಲಿ ತಟ್ಟೆ ತೊಳೆದರು, ರಾತ್ರಿ ಬೆಂಚುಗಳನ್ನು ಕೂಡಿಸಿ ಮಲಗಿದರು, ಕೆಲಸ ಮುಗಿಸಿ ಕನ್ನಡ ರಾತ್ರಿ ಶಾಲೆಗೆ ಹೋದರು. ಕರಾವಳಿಯ ಮೊಗವೀರ ಸಮಾಜದವರು ಅಂಥ ಶಾಲೆ ನಡೆಸಿದರು, ‘ಮೊಗವೀರ’ ಎಂಬ ಪತ್ರಿಕೆಯನ್ನೂ ತಂದರು. ನಾವು ಮಂಗಳೂರಿನಲ್ಲಿ ‘ದಕ್ಕೆ’ ಎನ್ನುವುದನ್ನು ಮುಂಬೈಯವರು ‘ಧಕ್ಕಾ’ ಎನ್ನುತ್ತಾರೆ, ಭಾವೂಚಾ ಧಕ್ಕಾ. ಮಾತು ಕೂಡ ಹಡಗಿನಲ್ಲೇ ಓಡಾಡಿದ್ದು. ಆ ಬೀದಿಯಲ್ಲಿ ಒಂದು ರಾತ್ರಿ ಮಲಗುವುದಕ್ಕೆ ದಂಡ ಎಂಬ ಶಬ್ದ ನನ್ನ ಬಾಯಿಂದ ಬರುವುದಿಲ್ಲ.

ಇನ್ನೂ ಸ್ವಲ್ಪ ಉತ್ತರಕ್ಕೆ ವಿಕ್ಟೋರಿಯಾ ಡಾಕ್ ಇತ್ತು. 1944ರ ಏಪ್ರಿಲ್ 14ರಂದು ಹತ್ತಿ ಮತ್ತು ಮದ್ದುಗುಂಡು ತುಂಬಿದ್ದ ಫೋರ್ಟ್ ಸ್ಟಿಕೀನ್ ಎಂಬ ಹಡಗು ಅಲ್ಲಿ ಸಿಡಿದು ನೂರಾರು ಜನ ಸತ್ತರು. ಬೆಂಕಿ ಆರಿಸಲು ಹೋದವರು ಅವರಲ್ಲಿ ಬಹಳ. ಅಗ್ನಿಶಾಮಕ ದಿನವನ್ನು ನಾವು ಈಗಲೂ ಅದೇ ದಿನಾಂಕಕ್ಕೆ ಆಚರಿಸುತ್ತೇವೆ. ಎರಡು ವರ್ಷದ ನಂತರ, 1946ರ ಫೆಬ್ರವರಿಯಲ್ಲಿ, ದಂಗೆಯೆದ್ದ ನೌಕಾಪಡೆಯ ನಾವಿಕರು ಬಲ್ಲಾರ್ಡ್ ಎಸ್ಟೇಟಿಗೆ ಹತ್ತಿರದ ಕ್ಯಾಸಲ್ ಬ್ಯಾರಕ್ಸಿನಿಂದ ಬ್ರಿಟಿಷ್ ಸೈನಿಕರೊಡನೆ ಗುಂಡಿನ ಕಾಳಗ ನಡೆಸಿದರು. ಹಡಗಿನ ಮೇಲಿನ ಪರದೆಯಲ್ಲಿ ಇದ್ಯಾವುದನ್ನೂ ತೋರಿಸುವುದಿಲ್ಲ. ಅಲ್ಲಿ ಸಂಜೆ ಜಾದೂ ಇರುತ್ತದೆ.

ಎರಡು ಆಕ್ಷೇಪಗಳು ಉಳಿದವು. ದಕ್ಷಿಣ ಮುಂಬೈ ದುಬಾರಿ ಎನ್ನುತ್ತಾರೆ. ಸಮುದ್ರ ಕಾಣುವ ರೂಮು ದುಬಾರಿ, ಹೌದು. ಮರುದಿನ ಇಡೀ ಸಮುದ್ರದ ಮೇಲೇ ಇರುವವರಿಗೆ ಅದು ಯಾಕೆ? ಸಿಎಸ್‌ಎಂಟಿಯ ಸುತ್ತ ಸಾಧಾರಣ ಲಾಡ್ಜುಗಳಿವೆ; ರೈಲಿನಲ್ಲಿ ಬಂದವರಿಗೆ ನಿಲ್ದಾಣದ ರಿಟೈರಿಂಗ್ ರೂಮುಗಳಿವೆ, ಮುಂಚೆಯೇ ಕಾದಿರಿಸಬೇಕು. ಉದ್ಯಾನ್ ಎಕ್ಸ್‌ಪ್ರೆಸ್ ಬೆಂಗಳೂರಿನಿಂದ ರಾತ್ರಿ ಹೊರಟು ಕಲಬುರಗಿ, ಸೊಲ್ಲಾಪುರ, ಪುಣೆ ಹಾದು ಮರುದಿನ ರಾತ್ರಿ ನೇರ ಸಿಎಸ್‌ಎಂಟಿಗೇ ತರುತ್ತದೆ. ಅಲ್ಲಿಂದ ಬಲ್ಲಾರ್ಡ್ ಪಿಯರ್ ಒಂದೂವರೆ ಕಿಲೋಮೀಟರಿನ ಆಸುಪಾಸು. ರೈಲು ನಾಲ್ಕು ಗಂಟೆ ತಡವಾದರೆ ನಿಮ್ಮ ನಿದ್ದೆ ಹಾಳಾಗುತ್ತದೆ, ಹಡಗು ಅಲ್ಲೇ ಇರುತ್ತದೆ.

ರಜೆ ಇಲ್ಲ ಎಂಬುದು ಎರಡನೆಯದು. ಇದಕ್ಕೆ ಮಾತ್ರ ನನ್ನ ದನಿ ತಗ್ಗುತ್ತದೆ, ಯಾಕೆಂದರೆ ಅದು ಸುಳ್ಳಲ್ಲ. ಆದರೆ ಹಡಗಿಗೆ ಹೋಗುವವರು ಅನೇಕ ಸಲ ನಿವೃತ್ತ ತಂದೆತಾಯಿ. ರಜೆ ಇಲ್ಲದ್ದು ಟಿಕೆಟ್ ಮಾಡುವ ಮಗನಿಗೆ, ಮಗಳಿಗೆ. ತಮ್ಮ ಅವಸರವನ್ನೇ ಅವರ ಟಿಕೆಟ್ಟಿಗೂ ಅಂಟಿಸಿ ಕಳಿಸುತ್ತಾರೆ.

ಹಿಂದಿನ ರಾತ್ರಿ ಫೋರ್ಟಿನಲ್ಲಿ ಮಲಗಿದವರಿಗೆ ಬೆಳಿಗ್ಗೆ ಅವಸರವಿಲ್ಲ. ಇಡ್ಲಿ ತಿಂದು, ಮಾತ್ರೆ ನುಂಗಿ, ಹಾರ್ನಿಮನ್ ಸರ್ಕಲ್ಲಿನ ಮರಗಳ ಕೆಳಗೆ ಒಂದು ಸುತ್ತು ಹಾಕಿ, ಟೌನ್ ಹಾಲಿನ ಮೆಟ್ಟಿಲ ಮೇಲೆ ಕೂತು ಬರಬಹುದು. ಬಂದರಿಗೆ ನಡೆದೂ ಹೋಗಬಹುದು, ಆದರೆ ಚಕ್ರದ ಸೂಟ್‌ಕೇಸಿಗೆ ಅಲ್ಲಿಯ ಫುಟ್‌ಪಾತ್ ಹೇಳಿಸಿದ್ದಲ್ಲ, ಟ್ಯಾಕ್ಸಿ ಮಾಡಿ. ಇಷ್ಟು ಹತ್ತಿರಕ್ಕೆ ಬರುವುದಿಲ್ಲ ಎಂದು ಇಬ್ಬರು ಹೇಳುತ್ತಾರೆ. ಮೂರನೆಯವನು ಬರುತ್ತಾನೆ.