ಸಿಮೆಂಟು ಸುರಿಯುವ ಮುನ್ನ

ಹೊಸ ಮನೆ ಕಟ್ಟಿಸುತ್ತಿರುವವರಲ್ಲಿ ಒಂದು ಕಳಕಳಿಯ ಮನವಿ. ಗೃಹಪ್ರವೇಶದ ದಿನ ಹತ್ತಿರವಾದಾಗ ಮೇಸ್ತ್ರಿ ಬಂದು, "ಹಿಂದ್ಗಡೆನೂ ಕಾಂಕ್ರೀಟ್ ಹಾಕ್ಬಿಡೋಣ ಸಾರ್, ಕೆಸರಾಗಲ್ಲ" ಎನ್ನುತ್ತಾನೆ. ಆಗ ದಯವಿಟ್ಟು ಬೇಡವೆನ್ನಿ. ಪೂರ್ತಿ ಬೇಡವೆನ್ನಲು ಆಗದಿದ್ದರೆ ಕಾಂಪೌಂಡಿನ ಗೋಡೆಗುಂಟ ಎರಡಡಿ ಅಗಲದ ಮಣ್ಣನ್ನಾದರೂ ಬಿಡಿಸಿಕೊಳ್ಳಿ. ಮೂವತ್ತು–ನಲವತ್ತರ ಸೈಟಿನಲ್ಲಿ ಅದಕ್ಕಿಂತ ಹೆಚ್ಚು ಕೇಳುವುದು ಅನ್ಯಾಯ, ಬಲ್ಲೆ. ಹಿಂದಿನ ಮನೆಗಳಲ್ಲಿ ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಕೆಸು, ಬೇಲಿಗೆ ಹಬ್ಬಿದ ಬಸಳೆ, ಮೂಲೆಯಲ್ಲೊಂದು ನುಗ್ಗೆ ಇದ್ದೇ ಇರುತ್ತಿದ್ದವು. ಅದನ್ನು ಯಾರೂ ಹವ್ಯಾಸ ಎನ್ನುತ್ತಿರಲಿಲ್ಲ.

"ನಮ್ಮ ಕೈಗೆ ಗಿಡ ಬರೋದಿಲ್ಲ" ಎನ್ನುವವರು ಬಹಳ ಮಂದಿ. ಕೈಯ ದೋಷವಲ್ಲ ಅದು, ಆಯ್ಕೆಯ ದೋಷ. ಮೊದಲ ವರ್ಷವೇ ಟೊಮೆಟೊ, ದಪ್ಪಮೆಣಸಿನಕಾಯಿ, ಹೂಕೋಸಿಗೆ ಕೈಹಾಕಿದರೆ ರೋಗ, ಹುಳು ಎರಡೂ ಬಂದು ಉತ್ಸಾಹ ಸಾಯುತ್ತದೆ. ಸೊಪ್ಪಿನಿಂದ ಶುರುಮಾಡಿ. ಅಡುಗೆಮನೆಯ ಡಬ್ಬಿಯ ಮೆಂತ್ಯವನ್ನೇ ರಾತ್ರಿ ನೆನೆಹಾಕಿ ಬಿತ್ತಿದರೆ ಮೂರು ನಾಲ್ಕು ದಿನಕ್ಕೆ ಮೊಳಕೆ, 25–30 ದಿನಕ್ಕೆ ಸೊಪ್ಪು. ಕೊತ್ತಂಬರಿ ಬೀಜವನ್ನು ಮಾತ್ರ ಅಂಗೈಯಲ್ಲಿ ತಿಕ್ಕಿ ಎರಡು ಹೋಳು ಮಾಡಿ ಬಿತ್ತಬೇಕು. ದಂಟು, ಹರಿವೆಯೂ ತಿಂಗಳೊಳಗೆ ಕೈಗೆ ಬರುತ್ತವೆ. ಬಸಳೆಗಂತೂ ಬೀಜವೂ ಬೇಡ, ಪೇಟೆಯಿಂದ ತಂದ ಕಟ್ಟಿನ ದಪ್ಪ ಕಡ್ಡಿಗಳನ್ನೇ ನೆಟ್ಟರಾಯಿತು. ಇವು ಕೈಹಿಡಿದ ಮೇಲೆ ಬೆಂಡೆ, ಅಲಸಂದೆ. ಬೆಂಡೆಯನ್ನು ಸಸಿಮಾಡಿ ಕಿತ್ತು ನೆಡಬೇಡಿ, ನಿಂತಲ್ಲೇ ಬಿತ್ತಿ. 45–50 ದಿನಕ್ಕೆ ಕಾಯಿ. ಕರಾವಳಿ, ಮಲೆನಾಡಿನವರಿಗೆ ಲೆಕ್ಕ ಬೇರೆ: ಜಡಿಮಳೆಗೆ ಎಳೆ ಸೊಪ್ಪು ಕೊಳೆಯುವುದರಿಂದ ಮಳೆಗಾಲಕ್ಕೆ ಬೆಂಡೆ, ಹೀರೆ, ಮುಳ್ಳುಸೌತೆ, ಸೊಪ್ಪು ಆಮೇಲೆ.

ಜಾಗ ಆರಿಸುವಾಗ ನೋಡಬೇಕಾದದ್ದು ಒಂದೇ, ಬಿಸಿಲು. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳದ ಮೂಲೆಯಲ್ಲಿ ಕಾಯಿಪಲ್ಲೆ ಆಗದು. ಅಲ್ಲಿಗೆ ದೊಡ್ಡಪತ್ರೆ, ಪುದೀನ ಸಾಕು.

ಹಣ್ಣಿಗೆ ತಾಳ್ಮೆ ಬೇಕು. ಬೇಗ ಫಲ ಕೊಡುವುದು ಪಪ್ಪಾಯ, ಒಂಬತ್ತು ಹತ್ತು ತಿಂಗಳಲ್ಲಿ. ಆದರೆ ತಿಂದ ಹಣ್ಣಿನ ಬೀಜ ಎಸೆದು ಬೆಳೆಸಿದರೆ ಎಷ್ಟೋ ಸಲ ಗಂಡು ಗಿಡವಾಗಿ ಬರೀ ಹೂ ಬಿಡುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಪ್ರಭಾತ್’, ‘ಸೂರ್ಯ’ ತಳಿಗಳಲ್ಲಿ ಆ ಕಾಟವಿಲ್ಲ. ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ, ಪಪ್ಪಾಯ ಸಾಯುವುದೇ ಅದರಿಂದ. ನಿಂಬೆ, ಕಸಿಮಾಡಿದ ಸೀಬೆ ಇನ್ನೂ ಸಮಯ ಕೇಳುತ್ತವೆ. ಕರಿಬೇವಿಗೆ ಈ ಯಾವ ನಿಯಮವೂ ಬೇಡ, ಇವತ್ತೇ ನೆಡಿ.

ಮಣ್ಣೇ ಇಲ್ಲದ ಬಾಡಿಗೆ ಮನೆಯವರಿಗೆ ತಾರಸಿ ಇದೆ, ಮಾಲೀಕರು ಒಪ್ಪಿದರೆ. ಒಂದು ಘನ ಅಡಿ ಒದ್ದೆ ಮಣ್ಣು ಹತ್ತಿರ ಹತ್ತಿರ 50 ಕಿಲೋ ತೂಗುತ್ತದೆ. ಆದ್ದರಿಂದ ದೊಡ್ಡ ಡ್ರಮ್ಮುಗಳನ್ನು ಗೋಡೆ ಅಥವಾ ಬೀಮಿನ ಮೇಲಷ್ಟೇ ಇಡಿ. ಮಣ್ಣಿಗೆ ಸಮಪಾಲು ತೆಂಗಿನ ನಾರಿನ ಪುಡಿ, ಗೊಬ್ಬರ ಬೆರೆಸಿ ಹಗುರ ಮಾಡಿ. ನಾರಿನ ಪುಡಿ ನೀರು ಹಿಡಿಯುತ್ತದೆಯೇ ಹೊರತು ಗಿಡದ ಹೊಟ್ಟೆ ತುಂಬಿಸದು. ಗೊಬ್ಬರ ಬೇಕೇ ಬೇಕು.

ಆ ಗೊಬ್ಬರದ ವಿಷಯಕ್ಕೇ ನನ್ನ ಎರಡನೆಯ ಮನವಿ. ಚಳಿಗಾಲ ಮುಗಿಯುತ್ತಿದ್ದಂತೆ ಬೀದಿ ಬೀದಿಯಲ್ಲಿ ತರಗೆಲೆ ಗುಡ್ಡೆಹಾಕಿ ಬೆಂಕಿ ಇಡುತ್ತೇವೆ. ಹೊಗೆಗೆ ಮಕ್ಕಳು ಕೆಮ್ಮುತ್ತವೆ, ಅದೇ ಭಾನುವಾರ ನಾವು ನರ್ಸರಿಗೆ ಹೋಗಿ ದುಡ್ಡು ಕೊಟ್ಟು ಗೊಬ್ಬರದ ಪ್ಯಾಕೆಟ್ ತರುತ್ತೇವೆ! ಆ ಎಲೆಗಳನ್ನು ಗೋಣಿಚೀಲಕ್ಕೆ ತುಂಬಿಡಿ. ತೂತು ಕೊರೆದ ಹಳೇ ಬಕೆಟ್ಟಿನಲ್ಲಿ ತರಕಾರಿ ಸಿಪ್ಪೆ ಒಂದು ಪಾಲು, ಮೇಲೆ ತರಗೆಲೆ ಎರಡು ಪಾಲು, ಆಗಾಗ ಒಂದು ಹಿಡಿ ಮಣ್ಣು, ಸ್ವಲ್ಪ ಹುಳಿ ಮಜ್ಜಿಗೆ. ವಾರಕ್ಕೊಮ್ಮೆ ಕೆದಕಿ. ನಾತ ಬಂದರೆ ತೇವ ಹೆಚ್ಚಾಗಿದೆ ಎಂದರ್ಥ, ಇನ್ನಷ್ಟು ಎಲೆ ಹಾಕಿ. ಎರಡು ಮೂರು ತಿಂಗಳಲ್ಲಿ ಮಳೆ ಬಿದ್ದ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಸಿದ್ಧ.

ಹುಳ ಬಂದರೆ ಗಾಬರಿಯಾಗಿ ವಿಷದ ಅಂಗಡಿಗೆ ಓಡಬೇಡಿ. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು ಬೆರೆಸಿ ಸಂಜೆ ಎಲೆಯ ಅಡಿಗೆ ಸಿಂಪಡಿಸಿ. ಒಂದೆರಡು ಎಲೆ ತೂತಾದರೆ ಆಗಲಿ.

ತರಕಾರಿ ಖರ್ಚು ಉಳಿಯುತ್ತದೆ ಎಂಬ ಆಸೆ ನಾನು ತೋರಿಸುವುದಿಲ್ಲ. ಮೊದಲ ವರ್ಷ ಉಳಿಯುವುದಿಲ್ಲ, ಕುಂಡ–ಮಣ್ಣಿಗೇ ಹೋಗುತ್ತದೆ. ಸಿಗುವುದು ಯಾವ ನೀರಲ್ಲಿ ಬೆಳೆದದ್ದೆಂದು ನಿಮಗೇ ಗೊತ್ತಿರುವ ಒಂದು ಹಿಡಿ ಸೊಪ್ಪು. ನಗರದಲ್ಲಿ ಅದು ಸಣ್ಣದೇನಲ್ಲ.

ಮುಂಗಾರಿಗೆ ಮುಂಚೆ ಎರಡು ಕುಂಡದಿಂದ ಶುರುಮಾಡಿ, ಇಪ್ಪತ್ತು ಬೇಡ. ಬಸಳೆ ಕಡ್ಡಿಯನ್ನು ಪಕ್ಕದ ಮನೆಯವರಲ್ಲಿ ಸಂಕೋಚವಿಲ್ಲದೆ ಕೇಳಿ. ನಿಮ್ಮದು ಚಿಗುರಿದ ಮೇಲೆ ಕೇಳಿದವರಿಗೆ ಇಲ್ಲವೆನ್ನಬೇಡಿ.