‘ಪಾಯಿಂಟ್ ಟ್ವೆಂಟಿಟೂ’ ರೈಫಲ್ ಅಗ್ಗದ ಆಟಿಕೆಯೇ? ಕೊಳ್ಳುವ ಮುನ್ನ ತಿಳಿಯಬೇಕಾದದ್ದು

“ಅಮೆರಿಕದಲ್ಲಿ ಮೊಬೈಲ್‌ಗಿಂತ ಕಡಿಮೆ ಬೆಲೆಗೆ ರೈಫಲ್ ಸಿಗುತ್ತದೆ.” “.22 ಅಂದರೆ ಹಕ್ಕಿ ಹೊಡೆಯುವ ಬಂದೂಕು, ಮನುಷ್ಯರಿಗೆ ಏನೂ ಆಗಲ್ಲ.” “ಸೆಮಿ ಆಟೋಮ್ಯಾಟಿಕ್ ಅಂದರೆ ಮೆಷಿನ್ ಗನ್.” “ರೇಂಜಿಗೆ ಹೋಗಿ ಹೊಡೆಯಲು ಯಾವ ಕಾನೂನೂ ಅಡ್ಡಬರುವುದಿಲ್ಲ.” ಇಂಥ ಮಾತುಗಳು ವಿಡಿಯೊ ಆಗಿಯೂ ಫಾರ್ವರ್ಡ್ ಆಗಿಯೂ ನಮ್ಮ ಫೋನುಗಳಿಗೆ ಬರುತ್ತಿರುತ್ತವೆ. ಮೊದಲನೆಯದು ಬಹುಮಟ್ಟಿಗೆ ನಿಜ. ಉಳಿದ ಮೂರೂ ತಪ್ಪು. ಕೊನೆಯದನ್ನು ನಂಬಿದರೆ ಅಮೆರಿಕದಲ್ಲಿ ಕೆಲಸಕ್ಕೋ ಓದಿಗೋ ಹೋಗಿರುವ ನಮ್ಮವರು ಜೈಲಿನ ಬಾಗಿಲು ತಟ್ಟಿದಂತೆ. ಒಂದೊಂದಾಗಿ ನೋಡೋಣ.

ರಿಮ್‌ಫೈರ್ ಎಂದರೇನು?

ಕಾಡತೂಸಿನಲ್ಲಿ ನಾಲ್ಕು ಭಾಗಗಳಿರುತ್ತವೆ: ಲೋಹದ ಕೋಶ, ಮದ್ದು, ಮುಂದಿನ ಗುಂಡು ಮತ್ತು ಪೆಟ್ಟು ಬಿದ್ದ ಕೂಡಲೇ ಹೊತ್ತಿಕೊಳ್ಳುವ ಒಂದು ರಾಸಾಯನಿಕ. ದೊಡ್ಡ ಬಂದೂಕುಗಳ ಕಾಡತೂಸಿನಲ್ಲಿ ಈ ರಾಸಾಯನಿಕ ತಳದ ನಡುವೆ ಒಂದು ಪುಟ್ಟ ಬಟ್ಟಲಿನಲ್ಲಿರುತ್ತದೆ. ರಿಮ್‌ಫೈರ್‌ನಲ್ಲಿ ಅದು ತಳದ ಸುತ್ತಲಿನ ಅಂಚಿನ ಒಳಗೇ ತುಂಬಿರುತ್ತದೆ. ಬಂದೂಕಿನ ಪಿನ್ ಆ ಅಂಚನ್ನು ಜಜ್ಜಿದಾಗ ಮದ್ದು ಹೊತ್ತಿಕೊಳ್ಳುತ್ತದೆ.

ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ‘.22 ಲಾಂಗ್ ರೈಫಲ್’. ಇದು ಬಂದೂಕಿನ ಹೆಸರಲ್ಲ, ಕಾಡತೂಸಿನ ಹೆಸರು. ಅಮೆರಿಕದ ಸ್ಟೀವನ್ಸ್ ಕಂಪನಿ 1887ರಲ್ಲಿ ಇದನ್ನು ತಂದಿತು. ಗುಂಡಿನ ಅಡ್ಡಳತೆ ಸುಮಾರು 5.7 ಮಿಲಿಮೀಟರ್, ತೂಕ ಸಾಮಾನ್ಯವಾಗಿ 2.6 ಗ್ರಾಂ. ತಯಾರಿಸುವುದು ಸುಲಭವಾದ್ದರಿಂದ ಬೆಲೆ ಕಡಿಮೆ. ಬಂದೂಕು ಭುಜಕ್ಕೆ ಒದೆಯುವುದೂ ಇಲ್ಲವೆನ್ನುವಷ್ಟು ಕಡಿಮೆ. ಹೊಸಬರು ಗುರಿ ಕಲಿಯಲು ಇದನ್ನೇ ಹಿಡಿಯುವುದು ಇದಕ್ಕಾಗಿ.

ಇದು ಕಲಿಯುವವರಿಗೆ ಮಾತ್ರ ಎಂದುಕೊಳ್ಳಬೇಡಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಬಳಸುವುದೂ ಇದೇ ಕಾಡತೂಸು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ತಂದ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲಿನಲ್ಲೂ ಇದೇ.

ಸೆಮಿ ಆಟೋಮ್ಯಾಟಿಕ್ ಎಂದರೆ ಮೆಷಿನ್ ಗನ್ ಅಲ್ಲ

ಟ್ರಿಗರ್ ಒತ್ತಿ ಹಿಡಿದಷ್ಟು ಹೊತ್ತೂ ಗುಂಡು ಹಾರುತ್ತಲೇ ಇದ್ದರೆ ಅದು ಪೂರ್ಣ ಆಟೋಮ್ಯಾಟಿಕ್. ಸೆಮಿ ಆಟೋಮ್ಯಾಟಿಕ್‌ನಲ್ಲಿ ಒಮ್ಮೆ ಒತ್ತಿದರೆ ಒಂದೇ ಗುಂಡು. ಇನ್ನೊಂದು ಬೇಕೆಂದರೆ ಬೆರಳು ಸಡಿಲಿಸಿ ಮತ್ತೆ ಒತ್ತಬೇಕು. ಖಾಲಿ ಕೋಶವನ್ನು ಹೊರಹಾಕಿ ಮುಂದಿನದನ್ನು ನಳಿಗೆಗೆ ತಳ್ಳುವ ಕೆಲಸವನ್ನು ಮಾತ್ರ ಬಂದೂಕು ತಾನೇ ಮಾಡುತ್ತದೆ.

ಅಗ್ಗದ .22 ರೈಫಲ್‌ಗಳಲ್ಲಿ ಈ ವ್ಯವಸ್ಥೆ ಬಲು ಸರಳ. ನಳಿಗೆಯ ಹಿಂಬದಿಯನ್ನು ಮುಚ್ಚಿರುವುದು ತೂಕದ ಒಂದು ಲೋಹದ ತುಂಡು ಮತ್ತು ಸ್ಪ್ರಿಂಗ್, ಅಷ್ಟೆ. ಮದ್ದಿನ ಅನಿಲ ಗುಂಡನ್ನು ಮುಂದಕ್ಕೆ ತಳ್ಳುವಾಗಲೇ ಕೋಶವನ್ನು ಹಿಂದಕ್ಕೂ ಒತ್ತುತ್ತದೆ. ಲೋಹದ ತುಂಡು ಹಿಂದೆ ಸರಿಯುತ್ತದೆ, ಖಾಲಿ ಕೋಶ ಹೊರಗೆ ಹಾರುತ್ತದೆ, ಸ್ಪ್ರಿಂಗ್ ಅದನ್ನು ಮತ್ತೆ ಮುಂದಕ್ಕೆ ತಳ್ಳುತ್ತದೆ.

ಕೊಳ್ಳುವವರಿಗೆ ಇದರಿಂದ ಎರಡು ಪಾಠ. ಒಂದು, ತೀರಾ ಕಡಿಮೆ ಶಕ್ತಿಯ ಕಾಡತೂಸು ಹಾಕಿದರೆ ಆ ತುಂಡು ಪೂರ್ತಿ ಹಿಂದೆ ಸರಿಯದೆ ಬಂದೂಕು ಸಿಕ್ಕಿಕೊಳ್ಳುತ್ತದೆ. ಎರಡು, ಒಂದು ಗುಂಡು ಹಾರಿದ ಕೂಡಲೇ ಇನ್ನೊಂದು ನಳಿಗೆಯಲ್ಲಿ ಸಿದ್ಧವಾಗಿರುತ್ತದೆ. ಮ್ಯಾಗಜೀನ್ ತೆಗೆದರೂ ನಳಿಗೆಯೊಳಗೆ ಒಂದು ಉಳಿದಿರಬಹುದು. “ಖಾಲಿ ಇದೆ ಅಂದುಕೊಂಡಿದ್ದೆ” ಎನ್ನುವಂಥ ಅನಾಹುತಗಳು ಇಲ್ಲಿಂದಲೇ ಹುಟ್ಟುವುದು.

ಯಾವುದನ್ನು ಆರಿಸುತ್ತಾರೆ, ಏಕೆ?

ಅಮೆರಿಕದ ರೇಂಜುಗಳಲ್ಲಿ ಮೂರು ಹೆಸರು ಹೆಚ್ಚಾಗಿ ಕೇಳಿಬರುತ್ತವೆ. ರುಗರ್ 10/22 ಮಾರುಕಟ್ಟೆಗೆ ಬಂದದ್ದು 1964ರಲ್ಲಿ. ಹತ್ತು ಗುಂಡು ಹಿಡಿಯುವ, ಕಳಚಬಹುದಾದ ಇದರ ಮ್ಯಾಗಜೀನ್ ಬಂದೂಕಿನ ಹೊಟ್ಟೆಯೊಳಗೇ ಕೂರುತ್ತದೆ. ಬಿಡಿಭಾಗಗಳು ಎಲ್ಲೆಂದರಲ್ಲಿ ಸಿಗುತ್ತವೆ. ಮಾರ್ಲಿನ್ 60 ಎಂಬುದು 1960ರ ಮಾದರಿ. ಇದರಲ್ಲಿ ನಳಿಗೆಯ ಕೆಳಗಿನ ಕೊಳವೆಯೊಂದಕ್ಕೆ ಗುಂಡುಗಳನ್ನು ಒಂದೊಂದಾಗಿ ಇಳಿಬಿಡಬೇಕು. ಹಳೆಯದು ಚೆನ್ನಾಗಿಯೇ ಗುರಿ ಹಿಡಿಯುತ್ತದೆ. ಆದರೆ ತುಂಬಲು ಹೊತ್ತು ಹಿಡಿಯುತ್ತದೆ, ಕೊಳವೆ ಪೂರ್ತಿ ಖಾಲಿಯಾಗಿದೆಯೇ ಎಂದು ನೋಡುವುದೂ ಸ್ವಲ್ಪ ಕಷ್ಟ. ಸ್ಯಾವೇಜ್ 64 ಕಡಿಮೆ ಬೆಲೆಯದು, ಪೆಟ್ಟಿಗೆಯಂಥ ಮ್ಯಾಗಜೀನಿನದು.

ಇಂಥವುಗಳ ಸಾಮಾನ್ಯ ಮಾದರಿಗಳ ಬೆಲೆ ಸುಮಾರು 200ರಿಂದ 400 ಡಾಲರ್. ನೂರು ಡಾಲರ್ ಹೆಚ್ಚು ಕೊಟ್ಟರೆ ಗುರಿ ಅಷ್ಟೇ ಹೆಚ್ಚು ನಿಖರವಾಗುತ್ತದೆ ಎಂಬುದು ಇನ್ನೊಂದು ತಪ್ಪು ಕಲ್ಪನೆ. ಒಂದೇ ರೈಫಲ್ ಒಂದು ಬ್ರ್ಯಾಂಡಿನ ಕಾಡತೂಸಿನಲ್ಲಿ ಗುಂಡುಗಳನ್ನು ಒತ್ತಾಗಿ ಕೂರಿಸಿ, ಇನ್ನೊಂದರಲ್ಲಿ ಚೆಲ್ಲಾಪಿಲ್ಲಿ ಮಾಡುವುದುಂಟು. ಹಾಗಾಗಿ ಮೂರು ನಾಲ್ಕು ಬಗೆಯ ಕಾಡತೂಸಿನ ಸಣ್ಣ ಪೆಟ್ಟಿಗೆಗಳನ್ನು ತಂದು, ಬೆಂಚಿನ ಮೇಲೆ ಒರಗಿಸಿ, 25 ಅಥವಾ 50 ಗಜದಲ್ಲಿ ತಲಾ ಐದೈದು ಗುಂಡು ಹೊಡೆದು ನೋಡಿ. ಕಾಗದದ ಮೇಲಿನ ತೂತುಗಳು ಜಾಹೀರಾತಿಗಿಂತ ಸತ್ಯ ಹೇಳುತ್ತವೆ.

ರೈಫಲ್ ಹಿಡಿದಾಗ ಹಿಂಬದಿಯ ಮರ ಭುಜಕ್ಕೆ ಸರಿಯಾಗಿ ಕೂರುತ್ತದೆಯೇ, ಸೇಫ್ಟಿ ಬಟನ್ ಬೆರಳಿಗೆ ಸಿಗುತ್ತದೆಯೇ, ಬಿಚ್ಚಿ ಸ್ವಚ್ಛ ಮಾಡುವುದು ಸುಲಭವೇ ಎಂಬುದನ್ನೂ ನೋಡಿ. ರಿಮ್‌ಫೈರ್ ಮದ್ದಿನಿಂದ ಮಸಿ ಜಾಸ್ತಿ. ಸ್ವಚ್ಛ ಮಾಡದಿದ್ದರೆ ಎಂಥ ಬಂದೂಕೂ ಮುಷ್ಕರ ಹೂಡುತ್ತದೆ.

ಅಗ್ಗದ ನಿಜವಾದ ಲೆಕ್ಕ

ಒಂದು ಗುಂಡಿಗೆ 8 ಸೆಂಟ್ ಎಂದು ಹಿಡಿಯೋಣ. ತಿಂಗಳಿಗೆ ಎರಡು ಸಲ ರೇಂಜಿಗೆ ಹೋಗಿ ಸಲಕ್ಕೆ 200 ಗುಂಡು ಹೊಡೆದರೆ ವರ್ಷಕ್ಕೆ 4,800 ಗುಂಡು, ಅಂದರೆ 384 ಡಾಲರ್. ಮೊದಲ ವರ್ಷದಲ್ಲೇ ಗುಂಡಿನ ಖರ್ಚು ರೈಫಲಿನ ಬೆಲೆಯನ್ನು ಮುಟ್ಟುತ್ತದೆ. ಇದರ ಮೇಲೆ ರೇಂಜ್ ಶುಲ್ಕ, ಕಿವಿ ಮತ್ತು ಕಣ್ಣಿನ ರಕ್ಷಣೆ, ಬೀಗವಿರುವ ಪೆಟ್ಟಿಗೆ. ಮನೆಯಲ್ಲಿ ಮಕ್ಕಳಿದ್ದರೆ ಈ ಕೊನೆಯದಕ್ಕೆ ಮೊದಲೇ ಹಣ ಎತ್ತಿಡಬೇಕು.

ಚಿಕ್ಕ ಗುಂಡು, ಚಿಕ್ಕ ಅಪಾಯವಲ್ಲ

ಸ್ಪರ್ಧೆಯ 10 ಮೀಟರ್ ಏರ್ ರೈಫಲಿನ ಪೆಲೆಟ್ ಹೊತ್ತೊಯ್ಯುವ ಶಕ್ತಿ ಸುಮಾರು 7.5 ಜೂಲ್. ಸಾಮಾನ್ಯ .22 ಗುಂಡಿನದು 140 ಜೂಲ್ ಆಸುಪಾಸು, ವೇಗದ ಬಗೆಯದು ಇನ್ನೂ ಹೆಚ್ಚು. ಇದು ಮನುಷ್ಯರ ಪ್ರಾಣ ತೆಗೆಯಬಲ್ಲದು, ತೆಗೆದದ್ದೂ ಇದೆ. ಕಾಡತೂಸಿನ ಪೆಟ್ಟಿಗೆಗಳ ಮೇಲೆ ಒಂದೂವರೆ ಮೈಲಿ ದೂರದವರೆಗೆ ಅಪಾಯ ಎಂಬ ಎಚ್ಚರಿಕೆ ಇರುತ್ತದೆ. ಅಂದರೆ ಸುಮಾರು 2.4 ಕಿಲೋಮೀಟರ್. ಬೆಂಗಳೂರಿನ ಮೆಜೆಸ್ಟಿಕ್‌ನಿಂದ ವಿಧಾನಸೌಧಕ್ಕೆ ನೇರ ಗೆರೆ ಎಳೆದರೂ ಅಷ್ಟಾಗುವುದಿಲ್ಲ. ನೀರು, ಕಲ್ಲು, ಗಟ್ಟಿ ನೆಲಕ್ಕೆ ಬಡಿದು ಗುಂಡು ದಿಕ್ಕು ಬದಲಿಸಿ ಹಾರುವುದೂ ಉಂಟು. ಹಿಂದೆ ಮಣ್ಣಿನ ದಿಬ್ಬವಿರುವ ರೇಂಜಿನಲ್ಲಷ್ಟೇ ಹೊಡೆಯಬೇಕು ಎನ್ನುವುದು ಇದೇ ಕಾರಣಕ್ಕೆ.

ಟ್ರಿಗರ್ ಒತ್ತಿದರೂ ಗುಂಡು ಹಾರದಿದ್ದರೆ ಕೂಡಲೇ ತೆರೆದು ನೋಡಬಾರದು. ನಳಿಗೆಯನ್ನು ಗುರಿಯತ್ತಲೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಬೇಕು. ಮದ್ದು ತಡವಾಗಿ ಹೊತ್ತಿಕೊಳ್ಳಬಹುದು.

ಆರೋಗ್ಯದ ಮಾತೂ ಇದೆ. .22 ರೈಫಲಿನ ಸದ್ದು ಕಿವಿಯ ಬಳಿ 140 ಡೆಸಿಬೆಲ್ ಹತ್ತಿರ ಹೋಗಬಹುದು. ರಕ್ಷಣೆಯಿಲ್ಲದೆ ಕೇಳಿದರೆ ಹಾಳಾದ ಕಿವಿ ಮರಳಿ ಸರಿಹೋಗದು. ಗುಂಡಿನಲ್ಲೂ ಹೊತ್ತಿಸುವ ರಾಸಾಯನಿಕದಲ್ಲೂ ಸಾಮಾನ್ಯವಾಗಿ ಸೀಸ ಇರುತ್ತದೆ. ಗಾಳಿಯಾಡದ ಒಳಾಂಗಣ ರೇಂಜಿನಲ್ಲಿ ಅದರ ಧೂಳು ಮೈಗೂ ಬಟ್ಟೆಗೂ ಅಂಟುತ್ತದೆ. ಅಲ್ಲಿ ತಿನ್ನಬೇಡಿ, ಕುಡಿಯಬೇಡಿ. ಸೋಪು ಹಾಕಿ ಕೈ ಮುಖ ತೊಳೆದು, ಮನೆಗೆ ಬಂದು ಬಟ್ಟೆ ಬದಲಿಸಿದ ಮೇಲೆಯೇ ಮಗುವನ್ನು ಎತ್ತಿಕೊಳ್ಳಿ. ಗರ್ಭಿಣಿಯರು ಇಂಥ ಕಡೆ ಹೋಗದಿರುವುದೇ ಲೇಸು.

ಎಲ್ಲಕ್ಕಿಂತ ಮುಖ್ಯ: ನೀವು ಕೈಗೆತ್ತಿಕೊಳ್ಳಬಹುದೇ?

ಅಮೆರಿಕದ ಒಕ್ಕೂಟ ಕಾನೂನಿನ ಪ್ರಕಾರ ವಲಸಿಗರಲ್ಲದವರ ವೀಸಾದ ಮೇಲೆ ಹೋದವರು ಬಂದೂಕನ್ನಾಗಲಿ ಕಾಡತೂಸನ್ನಾಗಲಿ ಹೊಂದುವಂತಿಲ್ಲ. ಎಚ್-1ಬಿ, ಎಚ್-4, ಎಫ್-1, ಪ್ರವಾಸಿ ವೀಸಾ ಎಲ್ಲವೂ ಇದರಲ್ಲಿ ಬರುತ್ತವೆ. ಕೆಲವು ವಿನಾಯಿತಿಗಳಿವೆ. ಅಲ್ಲಿನ ರಾಜ್ಯವೊಂದು ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇರುವುದು ಅವುಗಳಲ್ಲಿ ಒಂದು. ‘ಹೊಂದುವುದು’ ಎಂದರೆ ಕೊಳ್ಳುವುದಷ್ಟೇ ಅಲ್ಲ. ರೇಂಜಿನಲ್ಲಿ ಬಾಡಿಗೆಗೆ ಪಡೆದು ಹೊಡೆಯುವುದೂ ಅದರಲ್ಲಿ ಸೇರುತ್ತದೆ. ತಪ್ಪಿದರೆ 15 ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ, ವೀಸಾ ಹೋಗುವ ಭಯವೂ ಇದೆ. ಗೆಳೆಯರ ಜೊತೆ ವಾರಾಂತ್ಯಕ್ಕೆ ಹೋಗಿ ಫೋಟೊ ಹಾಕುವ ಮುನ್ನ ವಕೀಲರೊಬ್ಬರನ್ನು ಕೇಳುವುದು ಜಾಣತನ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿಷೇಧವಿಲ್ಲ. ಆದರೆ ರಾಜ್ಯಗಳ ನಿಯಮ ಬೇರೆಬೇರೆ. ಕೆಲವು ರಾಜ್ಯಗಳಲ್ಲಿ ಹತ್ತಕ್ಕಿಂತ ಹೆಚ್ಚು ಗುಂಡಿನ ಮ್ಯಾಗಜೀನ್ ನಿಷಿದ್ಧ.

ಭಾರತದಲ್ಲಿ ಕಥೆಯೇ ಬೇರೆ. ಇಲ್ಲಿ .22 ರೈಫಲಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕು. ಸೆಮಿ ಆಟೋಮ್ಯಾಟಿಕ್ ರೈಫಲ್ ಜಿಲ್ಲಾಧಿಕಾರಿ ಅಥವಾ ಪೊಲೀಸ್ ಕಮಿಷನರ್ ಕೊಡುವ ಸಾಮಾನ್ಯ ಪರವಾನಗಿಗೆ ಸಿಗುವಂಥದ್ದಲ್ಲ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ವಿಸ್ತರಿಸಿತು. ಅದು ಅವರಿಗೆ ಮಾತ್ರ, ಅದಕ್ಕೂ ಷರತ್ತುಗಳಿವೆ. ಗುರಿ ಕಲಿಯುವ ಆಸೆಯಿದ್ದರೆ .177 ಇಂಚಿನ, 20 ಜೂಲ್ ಮೀರದ ಏರ್ ರೈಫಲಿಗೆ 2016ರ ನಿಯಮಗಳ ಪ್ರಕಾರ ಪರವಾನಗಿ ಬೇಡ. ಹತ್ತಿರದ ಶೂಟಿಂಗ್ ಕ್ಲಬ್‌ನಲ್ಲಿ ತರಬೇತುದಾರರ ಕಣ್ಣೆದುರು ಕಲಿಯಬಹುದು.

ಊರಿಗೆ ಬರುವವರಿಗೆ ಇನ್ನೊಂದು ಮಾತು. ರೇಂಜಿಗೆ ಒಯ್ದ ಚೀಲವನ್ನೇ ವಿಮಾನಕ್ಕೂ ತರಬೇಡಿ. ಮೂಲೆಯಲ್ಲಿ ಮರೆತುಹೋದ ಒಂದೇ ಒಂದು ಕಾಡತೂಸು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕರೂ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು ಬೀಳುತ್ತದೆ.

ಹಾಗಾದರೆ ಸತ್ಯ ಏನು?

.22 ಸೆಮಿ ಆಟೋಮ್ಯಾಟಿಕ್ ರೈಫಲ್ ಅಗ್ಗ ಎನ್ನುವುದು ನಿಜ, ಆಟಿಕೆ ಎನ್ನುವುದು ಸುಳ್ಳು. ಆರಿಸುವವರು ಮೊದಲು ಕಾನೂನು, ಆಮೇಲೆ ಸುರಕ್ಷತೆ, ಆಮೇಲೆ ಗುಂಡಿನ ಖರ್ಚು, ಕೊನೆಗೆ ಬ್ರ್ಯಾಂಡ್ ನೋಡಲಿ. ಫಾರ್ವರ್ಡ್‌ಗಳು ಈ ಪಟ್ಟಿಯನ್ನು ತಲೆಕೆಳಗು ಮಾಡಿ, ಬ್ರ್ಯಾಂಡಿನಿಂದ ಶುರುಮಾಡಿ ಅಲ್ಲೇ ನಿಲ್ಲುತ್ತವೆ. ನಿಮ್ಮ ಗುಂಪಿನಲ್ಲಿ ಅಮೆರಿಕದಲ್ಲಿರುವ ಮಗನೋ ಸೊಸೆಯೋ ತಮ್ಮನೋ ಇದ್ದರೆ ವೀಸಾ ಕುರಿತ ಭಾಗವನ್ನಾದರೂ ಅವರಿಗೆ ಕಳಿಸಿ.