ಕಾರ್ಡು ಒಂದೇ, ಕಾನೂನು ಬೇರೆ



ಡೆಬಿಟ್ ಕಾರ್ಡು ನಿಮ್ಮ ಜೇಬಿನಲ್ಲೂ ಇದೆ, ಯುರೋಪಿನ ರೈತನ ಜೇಬಿನಲ್ಲೂ ಇದೆ, ಅಮೆರಿಕದವನ ಜೇಬಿನಲ್ಲೂ ಇದೆ. ಆದರೆ ಅದನ್ನು ಉಜ್ಜಿದಾಗ ಯಾರ ಗಂಟು ಕರಗುತ್ತದೆ ಅನ್ನೋದು ದೇಶಕ್ಕೊಂದು ಥರ. ಈ ಲೆಕ್ಕ ನೀವು ತಿಳಿಯಬೇಕು.

ಅಂಗಡಿಯಲ್ಲಿ ಕಾರ್ಡು ಕೊಟ್ಟರೆ, ಕಾರ್ಡು ಕೊಟ್ಟ ಬ್ಯಾಂಕಿಗೆ ಅಂಗಡಿಯವನ ಬ್ಯಾಂಕು ಕಮಿಷನ್ ತೆರಬೇಕು. ಅದು ಅಂಗಡಿಯವನ ತಲೆಗೆ, ಅವನಿಂದ ಸರಕಿನ ಬೆಲೆಗೆ ಬರುತ್ತದೆ. ಮಂಡಿಯ ದಲ್ಲಾಳಿ ಕಮಿಷನ್ನಿನ ಅಣ್ಣತಮ್ಮ ಅಂತ ತಿಳಿಯಿರಿ. ಯುರೋಪಿಯನ್ ಒಕ್ಕೂಟ 2015ರಲ್ಲಿ ಕಾನೂನು ಮಾಡಿ, ಇದು ನೂರಕ್ಕೆ 0.2 ಮೀರಕೂಡದು ಅಂದಿತು. 40 ಯುರೋ ಖರೀದಿಗೆ 8 ಸೆಂಟು. ಅಮೆರಿಕದಲ್ಲಿ 2010ರ ಡರ್ಬಿನ್ ತಿದ್ದುಪಡಿಯ ಮೇರೆಗೆ 2011ರಲ್ಲಿ ದೊಡ್ಡ ಬ್ಯಾಂಕುಗಳಿಗೆ ಹಾಕಿದ ಮಿತಿ 21 ಸೆಂಟು, ಮೇಲೆ ನೂರಕ್ಕೆ 0.05, ಮೋಸ ತಡೆಯುವ ಹೆಸರಿನಲ್ಲಿ ಇನ್ನೊಂದು ಸೆಂಟು. 40 ಡಾಲರಿಗೆ 24 ಸೆಂಟಾಯಿತು. ಐದು ಡಾಲರಿನ ಚಿಲ್ಲರೆ ವ್ಯಾಪಾರಕ್ಕೂ 22 ಸೆಂಟು ದಾಟುತ್ತದೆ. ಪೆಟ್ಟು ಸಣ್ಣವನಿಗೇ!

ನಮ್ಮಲ್ಲಿ? 2020ರ ಜನವರಿಯಿಂದ ರೂಪೇ ಡೆಬಿಟ್ ಕಾರ್ಡಿಗೆ ಅಂಗಡಿಯವನಿಂದ ಕಮಿಷನ್ ಕೀಳುವಂತಿಲ್ಲ. ಒಳ್ಳೆಯದೇ, ಬೇಡ ಅನ್ನೋದಿಲ್ಲ. ಆದರೆ ಕೂಲಿಯಾಳಿಗೆ ಬಟವಾಡೆ ಮಾಡುವ ರೈತನಿಗೆ ಕಾರ್ಡು ಬೇಕಾಗೋದು ಹೆಚ್ಚಾಗಿ ಎಟಿಎಂನಲ್ಲಿ. ಅಲ್ಲಿ ತಿಂಗಳ ಉಚಿತ ಸರದಿ ಮುಗಿದ ಮೇಲೆ ಒಂದು ಸಲಕ್ಕೆ 23 ರೂಪಾಯಿ ತನಕ ಹಿಡಿಯಬಹುದು ಅಂತ ರಿಸರ್ವ್ ಬ್ಯಾಂಕು 2025ರ ಮೇ 1ರಿಂದ ಅಪ್ಪಣೆ ಕೊಟ್ಟಿದೆ. 10,000 ತೆಗೆದವನಿಗೂ 23, 500 ತೆಗೆದವನಿಗೂ 23. ದೊಡ್ಡವನಿಗೆ ನೂರಕ್ಕೆ ನಾಲ್ಕಾಣೆಯೂ ಇಲ್ಲ, ಬಡವನಿಗೆ ನಾಲ್ಕೂವರೆ ರೂಪಾಯಿಗೂ ಮೇಲೆ. ಅದೂ ಸಾಲಕ್ಕೆ ಬಡ್ಡಿಯಲ್ಲ, ಸ್ವಾಮಿ, ತನ್ನ ದುಡ್ಡನ್ನೇ ತಾನು ಮುಟ್ಟಿದ್ದಕ್ಕೆ!

ಯಂತ್ರ ನಡೆಸೋಕೆ ಖರ್ಚಿಲ್ಲವಾ ಅಂತ ಕೇಳುತ್ತಾರೆ. ಇದೆ. ಆದರೆ ನಮ್ಮ ಠೇವಣಿಯನ್ನು ಸಾಲ ಕೊಟ್ಟು ಬಡ್ಡಿ ತಿನ್ನುವವರು ಯಾರು? ಅಂಗಡಿಯವರೆಲ್ಲ ಕಾರ್ಡು, ಫೋನು ಹಿಡಿದಿರುವ ಸ್ವೀಡನ್ ದೇಶವೇ 2021ರಿಂದ ದೊಡ್ಡ ಬ್ಯಾಂಕುಗಳಿಗೆ ಕಾನೂನು ಹಾಕಿದೆ: ನಗದು ಸಿಗುವ ಜಾಗ, ಬೆರಳೆಣಿಕೆಯ ಮಂದಿಯನ್ನು ಬಿಟ್ಟರೆ, ಯಾರಿಗೂ 25 ಕಿಲೋಮೀಟರಿಗಿಂತ ದೂರ ಇರಕೂಡದು. ಬ್ರಿಟನ್ನೂ 2023ರಲ್ಲಿ ನಗದಿನ ಹಕ್ಕಿಗೆ ಕಾನೂನಿನ ಕಾವಲು ಕೊಟ್ಟಿತು.

ಅಂದಮೇಲೆ ಈ ಶುಲ್ಕ ಹಣೆಬರಹವಲ್ಲ, ಮನುಷ್ಯರು ಬರೆದ ಸುತ್ತೋಲೆ. ಬರೆದದ್ದನ್ನು ತಿದ್ದಿಸಬಹುದು. ನಿಮ್ಮ ಪಾಸ್‌ಬುಕ್ ತೆಗೆಯಿರಿ, ವರ್ಷದಲ್ಲಿ ಕಾರ್ಡಿನ ಹೆಸರಿನಲ್ಲಿ ಎಷ್ಟು ಹಿಡಿದಿದ್ದಾರೆ ಕೂಡಿಸಿ. ಆ ಮೊತ್ತ ಹಿಡಿದುಕೊಂಡು, ಒಬ್ಬೊಬ್ಬರೇ ಅಲ್ಲ, ಊರೇ ಹೋಗಿ ಮ್ಯಾನೇಜರನ್ನು ಕೇಳಿ: ಹಳ್ಳಿಯವನ ಸಣ್ಣ ಮೊತ್ತಕ್ಕೆ ಶುಲ್ಕ ಯಾಕೆ? ಉತ್ತರ ಬಾಯಲ್ಲಿ ಬೇಡ, ಕಾಗದದಲ್ಲಿ ಕೊಡಲಿ.